ಮಾವನ ಹೆಸರಿನ ಪಾರಿವಾಳಗಳು

ಮೇಲಿನ ಮನೆಗೆ ಬಾಡಿಗೆಗೆ ಬಂದಿರುವವರ ಹುಡುಗ ಕಳೆದ ಭಾನುವಾರ ಶಿವಾಜಿನಗರದ ಕಡೆಯಿಂದ ಒಂದು ಜೊತೆ ಬಿಳಿ ಲಕ್ಕ ಪಾರಿವಾಳ ತಂದ. ಬೂಟಿನ ರಟ್ಟಿನ ಡಬ್ಬಕ್ಕೆ ಪೆನ್ನಿನಿಂದ ತೂತು ಹೊಡೆದು ಎರಡನ್ನೂ ಅದರೊಳಗೆ ತುರುಕಿ ಕೊಟ್ಟಿದ್ದರು. ಬಾಲದ ಗರಿಗಳನ್ನು ಅಗಲಕ್ಕೆ ಬಿಚ್ಚಿಕೊಂಡು ಎದೆ ಮುಂದೆ ಮಾಡಿ ನಡೆಯುವ ಜಾತಿ ಅದು. ಡಬ್ಬದಲ್ಲಿ ಆ ಗರಿಗಳೆಲ್ಲ ಮಡಚಿ, ಹಿಕ್ಕೆ ಮೆತ್ತಿಕೊಂಡಿತ್ತು. "ಅಜ್ಜಿ, ಇವಕ್ಕೆ ಬ್ರೆಡ್ ಹಾಕ್ಬಹುದಾ?" ಎಂದು ಹುಡುಗ ಕೇಳಿದ. ಅವನ ಹಿಂದೆಯೇ ಬಂದ ತಾಯಿಯ ಪ್ರಶ್ನೆ ಬೇರೆ. "ಆಂಟಿ, ಪಾರಿವಾಳದಿಂದ ಲಂಗ್ಸ್‌ಗೆ ಕಾಯಿಲೆ ಬರುತ್ತಂತೆ, ನಿಜಾನಾ?"

ಬ್ರೆಡ್ ಹಾಕಬಾರದು. ಕಾಯಿಲೆ ಬರುವುದು ನಿಜ. ಎರಡನ್ನೂ ನಾನು ಕಲಿತದ್ದು ಒಬ್ಬರಿಂದಲೇ. ಮೊದಲನೆಯದನ್ನು ಅವರೇ ಹೇಳಿಕೊಟ್ಟಿದ್ದರು. ಎರಡನೆಯದು ಅವರ ಕೆಮ್ಮಿನಿಂದ ತಿಳಿಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಂಗಳೂರಿನ ಪಶ್ಚಿಮಕ್ಕೆ, ಬಟ್ಟೆ ಮಿಲ್ಲಿನ ಕೆಲಸಗಾರರೇ ತುಂಬಿದ್ದ ಬೀದಿ ನಮ್ಮದು. ಸೈರನ್ ಕೂಗಿದಾಗ ಒಲೆ ಹಚ್ಚುವುದು, ಸೈರನ್ ಕೂಗಿದಾಗ ನಲ್ಲಿಗೆ ಕೊಡ ಇಡುವುದು. ಮಂಗಳೂರು ಹೆಂಚಿನ ಸೂರುಗಳ ನಡುವೆ ತಾರಸಿಯಿದ್ದ ಮನೆ ಒಂದೇ. ಆ ತಾರಸಿಯ ಮೇಲೆ ಮಿಲ್ಲಿನ ಹಳೆಯ ಹಲಗೆ ಪೆಟ್ಟಿಗೆ, ಕೋಳಿ ಜಾಲರಿ, ಸೀಮೆಎಣ್ಣೆ ಡಬ್ಬಿಯ ತಗಡು ಸೇರಿಸಿ ಕಟ್ಟಿದ ಗೂಡಿತ್ತು. ಗೂಡಿನ ಯಜಮಾನರನ್ನು ಮಕ್ಕಳೆಲ್ಲ ಪಾರಿವಾಳದ ಮಾವ ಎನ್ನುತ್ತಿದ್ದೆವು. ನೇಯ್ಗೆ ಖಾತೆಯಲ್ಲಿ ಕೆಲಸ. ವರ್ಷಗಟ್ಟಲೆ ಮಗ್ಗಗಳ ಸದ್ದಿನಲ್ಲಿ ನಿಂತು ಅವರ ಕಿವಿ ಮಂದವಾಗಿತ್ತು, ಮಾತೆಲ್ಲ ಜೋರು. ಎರಡು ಬೆರಳು ನಾಲಗೆಯ ಕೆಳಗಿಟ್ಟು ಸಿಳ್ಳೆ ಹೊಡೆದರೆ, ಮೇಲೆ ಚುಕ್ಕೆಯಾಗಿದ್ದ ಹಕ್ಕಿ ರೆಕ್ಕೆ ಮಡಚಿ ಇಳಿಯುತ್ತಿತ್ತು.

ಬೇಸಿಗೆಯ ಭಾನುವಾರಗಳಲ್ಲಿ ಬಾಜಿ ನಡೆಯುತ್ತಿತ್ತು. ಬೆಳಗಿನ ಜಾವ ಎಬ್ಬಿಸಿದ ಹಕ್ಕಿ ಮಧ್ಯಾಹ್ನ ದಾಟಿದರೂ ಇಳಿಯಬಾರದು, ಎಲ್ಲೂ ಕೂರಬಾರದು. ಯಾರ ಹಕ್ಕಿ ಕೊನೆಗೆ ಇಳಿಯುತ್ತದೋ ಅವರಿಗೆ ಹಣ. ಗಂಡಸರೆಲ್ಲ ತಾರಸಿಯ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ ದಿನವಿಡೀ ಆಕಾಶ ನೋಡುತ್ತಿದ್ದರು. ಕೆಳಗಿನಿಂದ ಬೋಂಡ ಹೋಗಬೇಕು, ಟೀ ಹೋಗಬೇಕು. ಹೆಣ್ಣುಮಕ್ಕಳು ಅವತ್ತು ಮೆಟ್ಟಿಲು ಹತ್ತುವಂತಿರಲಿಲ್ಲ. ಆ ನಿಯಮವನ್ನು ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ವಾರದ ದಿನಗಳ ಮಾತೇ ಬೇರೆ. ಮಾವ ಮೊದಲ ಪಾಳಿಗೆ ಹೋದ ಮೇಲೆ ತಾರಸಿ ಅತ್ತೆಯದು. ಅತ್ತೆ ಊದುಬತ್ತಿ ಹೊಸೆಯುತ್ತಿದ್ದರು, ಸಾವಿರಕ್ಕೆ ಇಷ್ಟು ಎಂಬ ಕೂಲಿಗೆ. ಹಲಗೆಯ ಮುಂದೆ ಕೂತು ಬೆಳಗ್ಗೆ ಒಂದಷ್ಟು ಹೊಸೆದು, ಬಿಸಿಲೇರುವ ಮೊದಲು ಕೈತೊಳೆದು ಮೇಲೆ ಹೋಗುತ್ತಿದ್ದರು. ನನಗೆ ಪಾರಿವಾಳವೆಂದರೆ ಪ್ರಾಣ. ಒಂದನ್ನು ಕೈಯಲ್ಲಿ ಹಿಡಿದುಕೊಂಡರೆ ಸಾಕು ಎಂದು ಬೇಸಿಗೆ ರಜೆಯಲ್ಲಿ ಅವರ ಹಿಂದೆ ಬಿದ್ದೆ. ಅವರು ಪೊರಕೆ ಕೈಗೆ ಕೊಟ್ಟರು. "ಹಕ್ಕಿ ಹಿಡಿಯೋದು ಆಮೇಲೆ. ಮೊದ್ಲು ಇದನ್ನ ಹಿಡಿ ಪುಟ್ಟಿ."

ಗೂಡು ಗುಡಿಸುವುದೆಂದರೆ ಬರೀ ಪೊರಕೆಯ ಕೆಲಸವಲ್ಲ. ರಾತ್ರಿಯ ಹಿಕ್ಕೆ ಹಲಗೆಗೆ ಅಂಟಿ ಒಣಗಿರುತ್ತದೆ. ಮಿಲ್ಲಿನಿಂದ ಬಂದ ಕಬ್ಬಿಣದ ಪಟ್ಟಿಯೊಂದರಿಂದ ಅದನ್ನು ಕೆರೆಯಬೇಕು. ನೀರು ಹಾಕಿ ತೊಳೆದರೆ ಬೇಗ ಮುಗಿಯುತ್ತಿತ್ತು, ಆದರೆ ಅತ್ತೆ ಒಪ್ಪುತ್ತಿರಲಿಲ್ಲ. ಒದ್ದೆಯಾದ ಗೂಡಿನಲ್ಲಿ ಮರಿಗೆ ಭೇದಿ ಹತ್ತುತ್ತದೆ, ಮೂಲೆಯಲ್ಲಿ ಹುಳ ಏಳುತ್ತದೆ. ಅವರ ಮಾತು ಸರಿಯಾಗಿತ್ತು. ತೇವದಲ್ಲಿ ಬೆಳೆಯುವ ಕಾಕ್ಸಿಡಿಯಾ ಎಂಬ ಕಣ್ಣಿಗೆ ಕಾಣದ ಜೀವಿ ಮರಿಗಳ ಕರುಳನ್ನು ಹಾಳುಮಾಡುತ್ತದೆ ಎಂಬುದನ್ನು ನಾನು ಓದಿದ್ದು ಬಹಳ ಕಾಲದ ಮೇಲೆ. ಹಾಗಾಗಿ ಒಣದಾಗಿಯೇ ಕೆರೆಯುತ್ತಿದ್ದರು. ಜಾಲರಿಯಿಂದ ಬೀಳುವ ಬಿಸಿಲಿನಲ್ಲಿ ಬಿಳಿ ಪುಡಿ ಎದ್ದು ನಿಲ್ಲುತ್ತಿತ್ತು. ಹಿಕ್ಕೆಯ ಪುಡಿಯ ಜೊತೆಗೆ ಪಾರಿವಾಳದ ಮೈಯಿಂದಲೇ ಉದುರುವ ಸಣ್ಣ ಗರಿಯ ಧೂಳೂ ಅದರಲ್ಲಿರುತ್ತದೆ. ಅತ್ತೆ ಮೂಗಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು, ನನ್ನ ಮೂಗಿಗೆ ಮಾವನ ಕರ್ಚೀಫು ಕಟ್ಟುತ್ತಿದ್ದರು.

ಮೇವು ಅವರ ಲೆಕ್ಕವೇ. ಜೋಳ, ಸಜ್ಜೆ, ಒಡೆದ ಗೋವಿನಜೋಳ ಹೆಚ್ಚು ಪಾಲು, ಹೆಸರುಕಾಳು ಕಡಲೆ ಕಡಿಮೆ ಪಾಲು. ಮರಿಯಿದ್ದ ಜೋಡಿಗೆ ಮಾತ್ರ ಕಾಳಿನ ಪಾಲು ಏರುತ್ತಿತ್ತು. ಒಂದು ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ ಸಾಕು ಎಂದು ಈಗಿನ ಪುಸ್ತಕಗಳು ಹೇಳುತ್ತವೆ. ಅತ್ತೆ ಒಂದೊಂದು ಹಿಡಿಯಂತೆ ಎರಡು ಹೊತ್ತು ಹಾಕುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಬೇಯಿಸಿದ ಅನ್ನ, ಬ್ರೆಡ್ಡು, ಬನ್ನು ಯಾವುದೂ ಗೂಡಿನ ಹತ್ತಿರ ಬರುವಂತಿಲ್ಲ. ಪಾರಿವಾಳ ಕಾಳನ್ನು ಇಡಿಯಾಗಿ ನುಂಗುವ ಹಕ್ಕಿ, ಅದರ ಹೊಟ್ಟೆಯೇ ಅರೆಯುವ ಕಲ್ಲು. ಆ ಹೊಟ್ಟೆಗೆ ಮರಳು, ಕಲ್ಲಿನ ಚೂರು ಬೇಕು. ಬೀದಿಯಲ್ಲಿ ಯಾರದ್ದಾದರೂ ಹಳೇ ಗೋಡೆ ಕೆಡವಿದರೆ ಅತ್ತೆ ನನ್ನನ್ನು ಕಳಿಸಿ ಗಾರೆಯ ಹೆಂಟೆ ತರಿಸುತ್ತಿದ್ದರು. ಅದನ್ನು ಇಟ್ಟಿಗೆಯ ಜೊತೆ ಕುಟ್ಟಿ, ಒಣಗಿದ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಬೆರೆಸಿ, ಚಿಟಿಕೆ ಉಪ್ಪು ಹಾಕಿ ತಟ್ಟೆಯಲ್ಲಿಟ್ಟರೆ ಹೆಣ್ಣು ಹಕ್ಕಿಗಳು ಮುಗಿಬೀಳುತ್ತಿದ್ದವು. ಮೊಟ್ಟೆಗೆ ಸುಣ್ಣ ಬೇಕಲ್ಲ.

ನೀರಿನ ವಿಷಯದಲ್ಲಿ ಅತ್ತೆ ಬಹಳ ಕಟ್ಟುನಿಟ್ಟು. ಕೋಳಿಯೋ ಗುಬ್ಬಿಯೋ ಆದರೆ ಒಂದು ಗುಟುಕು ತೆಗೆದುಕೊಂಡು ತಲೆಯೆತ್ತಿ ನುಂಗುತ್ತದೆ. ಪಾರಿವಾಳ ಕೊಕ್ಕು ಮುಳುಗಿಸಿ, ತಲೆ ಎತ್ತದೆ ಒಂದೇ ಸಮನೆ ಹೀರುತ್ತದೆ. ಒಂದು ಹಕ್ಕಿಯ ಬಾಯಿಹುಣ್ಣು ಆ ನೀರಿನಿಂದಲೇ ಗೂಡಿಗೆಲ್ಲ ಹರಡುತ್ತದೆ. ಆದ್ದರಿಂದ ಮಡಕೆಯ ಚಿಪ್ಪನ್ನು ದಿನಕ್ಕೆರಡು ಸಲ ಬೂದಿ ಹಾಕಿ ಉಜ್ಜಬೇಕಿತ್ತು. ವಾರಕ್ಕೊಮ್ಮೆ ಅಗಲವಾದ ಬೋಗುಣಿಯಲ್ಲಿ ಸ್ನಾನದ ನೀರು. ನಲ್ಲಿ ನೀರಿಗೆ ಜಗಳವಾಗುತ್ತಿದ್ದ ಬೀದಿಯಲ್ಲಿ ಹಕ್ಕಿ ಸ್ನಾನಕ್ಕೆ ಒಂದು ಕೊಡ ಹೋಗುವುದನ್ನು ನೋಡಿ ಅಕ್ಕಪಕ್ಕದವರು ಗೊಣಗುತ್ತಿದ್ದರು. ಗೊಣಗು ಕೇಳುತ್ತಿದ್ದವರೂ ಅತ್ತೆಯೇ, ಮಾವ ಮಿಲ್ಲಿನಲ್ಲಿರುತ್ತಿದ್ದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಮೊಟ್ಟೆಯ ಗುಟ್ಟು ನನಗೆ ತಿಳಿದಿತ್ತು. ಮೊದಲ ಮೊಟ್ಟೆ ಸಾಯಂಕಾಲದ ಕಡೆಗೆ ಬರುತ್ತದೆ. ಮಾರನೆಯ ದಿನ ಏನೂ ಇಲ್ಲ. ಅದರ ಮಾರನೆಯ ಮಧ್ಯಾಹ್ನ ಎರಡನೆಯದು. ಎರಡಕ್ಕಿಂತ ಹೆಚ್ಚಿಲ್ಲ. ಎರಡನೆಯದು ಬಂದ ಮೇಲೆಯೇ ಕಾವು ಗಟ್ಟಿ, ಅಲ್ಲಿಂದ 17-18 ದಿನಕ್ಕೆ ಮರಿ. ವಾರದೊಳಗೆ ಒಂದು ಸಂಜೆ ಅತ್ತೆ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ಒಳಗಿನ ಕೆಂಪು ನರಗಳನ್ನು ತೋರಿಸಿದರು. ನರ ಕಾಣದಿದ್ದರೆ ಬೊಡ್ಡು ಮೊಟ್ಟೆ. ಬೆಳಗ್ಗೆ ಹತ್ತರ ಸುಮಾರಿಗೆ ಗಂಡು ಬಂದು ಹೆಣ್ಣನ್ನು ಎಬ್ಬಿಸಿ ತಾನು ಕೂರುತ್ತದೆ, ಸಂಜೆ ಹೆಣ್ಣು ಬಂದು ರಾತ್ರಿಯಿಡೀ ಕೂರುತ್ತದೆ. ಎರಡು ಮೊಟ್ಟೆಯಲ್ಲಿ ಒಂದು ಗಂಡು, ಒಂದು ಹೆಣ್ಣು ಎಂದು ಬೀದಿಯವರೆಲ್ಲ ನಂಬಿದ್ದರು. ಅದು ಸುಳ್ಳು. ಎರಡೂ ಗಂಡಾಗುವುದುಂಟು, ಎರಡೂ ಹೆಣ್ಣಾಗುವುದುಂಟು. ಸಂತೆಯಲ್ಲಿ "ಜೋಡಿ" ಎಂದು ಕೊಂಡು ತಂದವರಿಗೆ ಎರಡು ಗಂಡು ಕಚ್ಚಾಡುವಾಗಲೇ ಅದು ತಿಳಿಯುವುದು.

ಮರಿ ಬಂದ ದಿನ ನಾನು ಹೆದರಿ ಕೂಗಿದ್ದು ನೆನಪಿದೆ. ಕಣ್ಣು ಬಿಡದ, ಹಳದಿ ಕೂದಲಿನ, ಕೊಕ್ಕೇ ದೊಡ್ಡದಾಗಿ ಕಾಣುವ ಮರಿಯ ಮೂತಿಯನ್ನು ದೊಡ್ಡ ಹಕ್ಕಿ ಪೂರ್ತಿ ಬಾಯೊಳಗೆ ಎಳೆದುಕೊಂಡು ಅಲ್ಲಾಡಿಸುತ್ತಿತ್ತು. ನುಂಗಿಬಿಡುತ್ತಿದೆ ಎಂದುಕೊಂಡೆ. ಅತ್ತೆ ನಕ್ಕು, "ಹಾಲು ಕುಡಿಸ್ತಾ ಇದೆ ಕಣೆ" ಎಂದರು. ಹಕ್ಕಿಗೆ ಹಾಲೇ? ನೋಡಿದರೆ ಅದು ಗಂಡು ಹಕ್ಕಿ. ಹಗಲು ಪಾಳಿ ಅದರದ್ದು ತಾನೆ. "ಇವಕ್ಕೆ ಅಪ್ಪಂಗೂ ಹಾಲು ಬರುತ್ತೆ" ಎಂದು ಅವರು ಸಹಜವಾಗಿ ಹೇಳಿ ಕೆಳಗಿಳಿದು ಹೋದರು. ನಾನು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ನಮ್ಮ ಬೀದಿಯಲ್ಲಿ ಮಗುವಿಗೆ ಒಂದು ತುತ್ತು ತಿನ್ನಿಸಿದ ಅಪ್ಪನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅದು ನಿಜವಾದ ಹಾಲಲ್ಲ. ಗಂಟಲಿನ ಚೀಲದ ಒಳಪದರವೇ ಕಾವಿನ ಕೊನೆಯ ದಿನಗಳಲ್ಲಿ ದಪ್ಪವಾಗಿ, ಮೊಸರಿನ ಗಡ್ಡೆಯಂತೆ ಕಳಚಿಕೊಳ್ಳುತ್ತದೆ. ತುಂಬ ಪ್ರೋಟೀನು, ತುಂಬ ಕೊಬ್ಬು. ಮೊದಲ ಮೂರ್ನಾಲ್ಕು ದಿನ ಮರಿಗೆ ಅದೊಂದೇ ಆಹಾರ, ಆಮೇಲೆ ನೆನೆದ ಕಾಳು ಅದರಲ್ಲಿ ಬೆರೆಯುತ್ತದೆ. 1930ರ ದಶಕದಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಸಂಗಡಿಗರು ಪಾರಿವಾಳದ ಈ ಗಂಟಲ ಚೀಲವನ್ನೇ ಪರೀಕ್ಷೆಗೆ ಇಟ್ಟುಕೊಂಡು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಬೇರ್ಪಡಿಸಿ ಹೆಸರಿಟ್ಟರು. ಹೆತ್ತ ತಾಯಿಯ ಎದೆಹಾಲಿಗೆ ಕಾರಣವಾಗುವ ಹಾರ್ಮೋನೂ ಅದೇ. ಕಾಲೇಜಿನ ಪ್ರಾಣಿಶಾಸ್ತ್ರದ ತರಗತಿಯಲ್ಲಿ ಈ ಪಾಠ ಬಂದಾಗ ಮೇಷ್ಟರು ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದರು, ನಾನು ತಾರಸಿಯ ಮೇಲಿದ್ದೆ.

ತೊಂದರೆಯೆಂದರೆ, ಮರಿಗಳು ಗೂಡು ಬಿಡುವ ಮೊದಲೇ ಹೆಣ್ಣು ಮತ್ತೆ ಮೊಟ್ಟೆ ಇಡುತ್ತದೆ. ಸುಮ್ಮನೆ ಬಿಟ್ಟರೆ ಒಂದು ಜೋಡಿ ವರ್ಷದೊಳಗೆ ಗೂಡು ತುಂಬಿಸುತ್ತದೆ. ನಮ್ಮ ಬೀದಿಯಲ್ಲಿ ಮೊಟ್ಟೆ ತೆಗೆಯುವ ಪದ್ಧತಿಯಿರಲಿಲ್ಲ. ಹೆಚ್ಚಾದ ಮರಿಗಳು ಎಲ್ಲಿ ಹೋಗುತ್ತಿದ್ದವು ಎಂಬುದು ನನಗೆ ಬಹಳ ದಿನ ತಿಳಿಯಲಿಲ್ಲ. ಲಕ್ವ ಹೊಡೆದವರ ಮನೆಯಿಂದ ಜನ ಬರುತ್ತಿದ್ದರು. ಪಾರಿವಾಳದ ಬಿಸಿರಕ್ತ ಹಚ್ಚಿ ತಿಕ್ಕಿದರೆ ಬಿದ್ದ ಕೈಕಾಲು ಏಳುತ್ತದೆ ಎಂಬ ನಂಬಿಕೆ. ಮಾವ ಹಣ ತೆಗೆದುಕೊಳ್ಳುತ್ತಿರಲಿಲ್ಲ, ಪುಣ್ಯದ ಕೆಲಸವೆಂದು ಕೊಟ್ಟುಬಿಡುತ್ತಿದ್ದರು. ರಕ್ತ ಹಚ್ಚಿದ್ದರಿಂದ ಯಾರ ಕೈಯೂ ಏಳಲಿಲ್ಲ. ಲಕ್ವಕ್ಕೆ ಮೊದಲ ಗಂಟೆಗಳೇ ಮುಖ್ಯ, ಆ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕಾದವರು ನಮ್ಮ ಬೀದಿಯಲ್ಲಿ ಪಾರಿವಾಳದ ಮರಿಗೆ ಕಾಯುತ್ತಿದ್ದರು. ಅತ್ತೆ ಅಂಥ ದಿನ ಮೇಲೆ ಬರುತ್ತಿರಲಿಲ್ಲ.

ಬೀದಿಯ ಪಾರಿವಾಳದ ಪ್ರೀತಿಯೊಳಗೆ ಇಂಥದ್ದು ಇನ್ನೂ ಇತ್ತು. ಲೋಟನ್ ಎಂಬ ಜಾತಿಯ ಹಕ್ಕಿಯನ್ನು ಹಿಡಿದು ತಲೆ ಅಲ್ಲಾಡಿಸಿ ನೆಲಕ್ಕೆ ಬಿಟ್ಟರೆ ಅದು ಹಿಂದುಮುಂದಾಗಿ ಉರುಳುತ್ತಲೇ ಇರುತ್ತದೆ, ಯಾರಾದರೂ ಎತ್ತಿಕೊಳ್ಳುವವರೆಗೆ. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಅದು ಆಟವಲ್ಲ, ತಲೆಮಾರುಗಳಿಂದ ಆರಿಸಿ ಆರಿಸಿ ಉಳಿಸಿಕೊಂಡು ಬಂದ ನರದ ದೋಷ. ಇನ್ನು ಬೇರೆ ಬೀದಿಯ ಹಕ್ಕಿ ನಮ್ಮ ಗುಂಪಿನ ಜೊತೆ ಇಳಿದರೆ ಅದು ಇಳಿಸಿಕೊಂಡವರ ಸ್ವತ್ತು. ಬಿಡಿಸಿಕೊಳ್ಳಲು ಯಜಮಾನ ಹಣ ಕೊಡಬೇಕು, ಇಲ್ಲವೇ ಅದು ಸಂತೆಗೆ ಹೋಗುತ್ತದೆ. ಅಲ್ಲಿಯವರೆಗೆ ರೆಕ್ಕೆಯ ಗರಿಗಳನ್ನು ದಾರದಿಂದ ಬಿಗಿದಿಡುತ್ತಿದ್ದರು. ಒಮ್ಮೆ ಹಾಗೆ ಸಿಕ್ಕ ಕೆಂಚು ಬಣ್ಣದ ಹೆಣ್ಣೊಂದು ಮೇವು ಮುಟ್ಟದೆ ಜಾಲರಿಗೆ ಎದೆಯೊತ್ತಿ ನಿಂತಿತ್ತು. ಅದರ ಗೂಡಿನಲ್ಲಿ ಮರಿಯಿರಬೇಕು ಎಂದರು ಅತ್ತೆ, ಗಂಟಲು ಮುಟ್ಟಿ ನೋಡಿ. ಊದುಬತ್ತಿಯ ಕಟ್ಟಿಗೆ ದಾರ ಕತ್ತರಿಸುವ ಬ್ಲೇಡು ಸೆರಗಿನ ತುದಿಯಲ್ಲೇ ಇತ್ತು. ದಾರ ಕತ್ತರಿಸಿ ತಾರಸಿಯ ಅಂಚಿಗೆ ಒಯ್ದು ಬಿಟ್ಟರು. ಒಂದು ಸುತ್ತೂ ಹಾಕದೆ ಅದು ನೇರ ಮಿಲ್ಲಿನ ಆಚೆ ಹೋಯಿತು. "ಬೆಕ್ಕು ಬಂದಿತ್ತು ಅನ್ನು" ಎಂದು ನನಗೆ ಹೇಳಿದ್ದರು. ಮಾವ ಕೇಳಿದಾಗ ನಾನು ಹಾಗೆಯೇ ಅಂದೆ. ಇವತ್ತು ಕೇಳಿದರೂ ಹಾಗೆಯೇ ಅನ್ನುತ್ತೇನೆ.

ಆದರೆ ಮಾವನನ್ನು ಕೆಟ್ಟವರನ್ನಾಗಿ ಮಾಡಿ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಪೇಟೆಯ ಮೇಲೆ ಹಾರುತ್ತಿದ್ದ ಹಕ್ಕಿಯನ್ನು ರೆಕ್ಕೆ ಬಡಿತದಿಂದಲೇ ಯಾವುದೆಂದು ಗುರುತಿಸುತ್ತಿದ್ದರು. ಡೇಗೆಯೊಂದು ಅವರ ಬೂದು ಗಂಡನ್ನು ಗಾಳಿಯಲ್ಲೇ ಹೊಡೆದುಕೊಂಡು ಹೋದ ದಿನ ಅವರು ಎರಡನೇ ಪಾಳಿಗೆ ಹೋಗಲಿಲ್ಲ, ಕೂಲಿ ಕತ್ತರಿಸಿದರು. ದಿನಕ್ಕೆ ಎಂಟು ಗಂಟೆ ಕಿವಿಗಡಚಿಕ್ಕುವ ಶೆಡ್ಡಿನೊಳಗೆ ನಿಂತು ಬಂದ ಮನುಷ್ಯನಿಗೆ ಆ ಆಕಾಶ ಬೇಕಾಗಿತ್ತು. ಅದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ನನಗೆ ಒಪ್ಪಿಗೆಯಾಗದ್ದು ಬೇರೆ. ಬೀದಿಯಲ್ಲಿ ಅವು ಮಾವನ ಪಾರಿವಾಳಗಳು, ಬಾಜಿ ಗೆದ್ದರೆ ಮಾವನ ಕೈ, ಒಳ್ಳೆಯ ಮರಿ ಬಂದರೆ ಮಾವನ ಗೂಡು. ಇತಿಹಾಸವೂ ಹಾಗೆಯೇ ಬರೆದುಕೊಂಡು ಬಂದಿದೆ. ಅಕ್ಬರನ ಆಸ್ಥಾನದಲ್ಲಿ 20,000ಕ್ಕೂ ಹೆಚ್ಚು ಪಾರಿವಾಳಗಳಿದ್ದವೆಂದು ಅಬುಲ್ ಫಜಲ್ ದಾಖಲಿಸಿದ. ಚಾರ್ಲ್ಸ್ ಡಾರ್ವಿನ್ ತಾನೇ ಪಾರಿವಾಳ ಸಾಕಿ, ಲಂಡನ್ನಿನ ಪಾರಿವಾಳದ ಕ್ಲಬ್ಬುಗಳಿಗೆ ಸೇರಿ, 1859ರ ತನ್ನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಅವುಗಳ ಬಗ್ಗೆ ವಿಸ್ತಾರವಾಗಿ ಬರೆದ, ಅಕ್ಬರನ ಆ ಸಂಖ್ಯೆಯನ್ನೂ ಉಲ್ಲೇಖಿಸಿದ. ಒಡಿಶಾ ಪೊಲೀಸರು 1946ರಿಂದ ಈ ಶತಮಾನದ ಮೊದಲ ದಶಕದವರೆಗೂ ಪಾರಿವಾಳದ ಟಪಾಲು ನಡೆಸಿದರು. 1948ರಲ್ಲಿ ನೆಹರೂ ಸಂಬಲ್‌ಪುರದಿಂದ ಕಟಕ್‌ಗೆ ಕಳಿಸಿದ ಸಂದೇಶವನ್ನು ಪಾರಿವಾಳವೇ ಒಯ್ದಿತು. ಇದನ್ನೆಲ್ಲ ಓದುವಾಗ ನನಗೆ ಏಳುವ ಪ್ರಶ್ನೆ ಒಂದೇ. ಆ 20,000 ಹಕ್ಕಿಗಳ ಹಿಕ್ಕೆ ಕೆರೆದವರು ಯಾರು, ಬೋಗುಣಿಗೆ ನೀರು ತುಂಬಿದವರು ಯಾರು?

ಒಂದು ಚಳಿಗಾಲ ಗೂಡಿಗೆ ಕುತ್ತಿಗೆ ತಿರುಚುವ ರೋಗ ಬಂತು. ಹಕ್ಕಿಯ ತಲೆ ಮೆಲ್ಲಗೆ ಒಂದು ಬದಿಗೆ ಹೊರಳಿ, ಕೊನೆಗೆ ಕೊಕ್ಕು ಆಕಾಶ ನೋಡುತ್ತದೆ. ಕಾಳಿಗೆ ಕುಟುಕಿದರೆ ಕೊಕ್ಕು ಇನ್ನೆಲ್ಲೋ ಬೀಳುತ್ತದೆ. ದೃಷ್ಟಿಯೆಂದರು, ನಿಂಬೆಹಣ್ಣು ಕಟ್ಟಿದರು, ಬಾಜಿಯಲ್ಲಿ ಸೋತವರ ಮಾಟವೆಂದೂ ಅಂದರು. ಹಳ್ಳಿಯಲ್ಲಿ ಕೋಳಿಗೆ ಬರುವ ಕೊಕ್ಕರೆ ರೋಗದ ವೈರಸ್ಸಿನ ಹತ್ತಿರದ ಬಂಧು ಅದು. ಸಂತೆಯಿಂದ ಹೊಸದಾಗಿ ತಂದ ಹಕ್ಕಿಯನ್ನು ನೇರವಾಗಿ ಗೂಡಿಗೆ ಬಿಟ್ಟರೆ ಹೀಗೆಯೇ ಒಳಗೆ ಬರುತ್ತದೆ. ರೋಗ ಹತ್ತಿದವನ್ನು ಕತ್ತು ಮುರಿದು ಎಸೆಯುವುದು ಬೀದಿಯ ಪದ್ಧತಿ. ಹಾಗೆ ಎಸೆಯಲು ತೆಗೆದಿಟ್ಟ ಒಂದು ಕಪ್ಪು ಹೆಣ್ಣನ್ನು ಅತ್ತೆ ಅಡುಗೆಮನೆಯ ಮೂಲೆಗೆ ತಂದು ಮಂಕರಿಯಲ್ಲಿಟ್ಟರು. ನೆನೆಸಿದ ಹೆಸರುಕಾಳನ್ನು ಒಂದೊಂದಾಗಿ ಬಾಯಿಗೆ ಹಾಕುವುದು, ಕೊಕ್ಕನ್ನು ತಾವೇ ನೀರಿಗೆ ಹಿಡಿಯುವುದು. ಸ್ವಲ್ಪ ಚೇತರಿಸಿಕೊಂಡ ಮೇಲೆ ಆಳವಾದ ತಂಬಿಗೆಯಲ್ಲಿ ಕಾಳು ತುಂಬಿಟ್ಟರು. ಗುರಿ ತಪ್ಪಿದರೂ ಕೊಕ್ಕಿಗೆ ಕಾಳು ಸಿಗಲೆಂದು ಅವರೇ ಕಂಡುಕೊಂಡ ಉಪಾಯ. ಈಗ ಪಶುವೈದ್ಯರು ಹೇಳುವುದೂ ಅದನ್ನೇ: ಔಷಧಿಯಿಲ್ಲ, ತಿನ್ನಿಸಿ ಕುಡಿಸಿ ವಾರಗಟ್ಟಲೆ ಕಾದರೆ ಹಲವು ಹಕ್ಕಿಗಳು ಬದುಕುತ್ತವೆ. ಕಪ್ಪು ಹೆಣ್ಣು ಬದುಕಿತು. ಗಾಬರಿಯಾದಾಗ ಮಾತ್ರ ಕುತ್ತಿಗೆ ಒಂದು ಕಡೆಗೆ ವಾಲುತ್ತಿತ್ತು.

ಕೆಮ್ಮು ಆಗಲೇ ಶುರುವಾಗಿತ್ತು. ಬೆಳಗ್ಗೆ ಗೂಡು ಕೆರೆದು ಬಂದರೆ ಮಧ್ಯಾಹ್ನದ ಮೇಲೆ ಸಣ್ಣ ಜ್ವರ, ಎದೆ ಬಿಗಿತ, ರಾತ್ರಿ ಕೆಮ್ಮು. ತವರಿಗೆ ಹೋಗಿ ವಾರ ಇದ್ದು ಬಂದರೆ ಏನೂ ಇಲ್ಲ. ಕ್ಷಯವೆಂದು ಕಫ ನೋಡಿದರು, ಅದಲ್ಲ ಎಂದಾಯಿತು. ಆಮೇಲೆ ಉಬ್ಬಸವೆಂದು ಮಾತ್ರೆ ಕೊಟ್ಟರು. ಒಣ ಹಿಕ್ಕೆ ಮತ್ತು ಗರಿಯ ಧೂಳಿನಲ್ಲಿರುವ ಪ್ರೋಟೀನಿಗೆ ಕೆಲವರ ಶ್ವಾಸಕೋಶ ಹೀಗೆ ತಿರುಗಿ ಬೀಳುತ್ತದೆ. ವೈದ್ಯರು ಅದನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎನ್ನುತ್ತಾರೆ. ಧೂಳಿನಿಂದ ದೂರವಾದರೆ ಇಳಿಯುತ್ತದೆ, ವರ್ಷಗಟ್ಟಲೆ ಅದರಲ್ಲೇ ಇದ್ದರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ, ಮತ್ತೆ ಮೆದುವಾಗುವುದಿಲ್ಲ. ಊದುಬತ್ತಿಯ ಇದ್ದಿಲು ಪುಡಿ ಮತ್ತು ಸೌದೆ ಒಲೆಯ ಹೊಗೆಯದೂ ಅದರಲ್ಲಿ ಪಾಲಿರಬಹುದು. ಆದರೆ ತವರಿನಲ್ಲೂ ಸೌದೆ ಒಲೆಯೇ ಇತ್ತು. ಮಾವನಿಗೆ ಏನೂ ಆಗಲಿಲ್ಲ. ಅವರು ಹಕ್ಕಿಗಳನ್ನು ಬಯಲು ಆಕಾಶದ ಕೆಳಗೆ ನೋಡಿದವರು.

ಇದನ್ನೆಲ್ಲ ನೆನೆದೇ ಮೇಲಿನ ಮನೆಯ ತಾಯಿಗೆ ಹೇಳಿದೆ. ಸಾಕಬೇಡಿ ಎನ್ನಲಿಲ್ಲ. 2025ರಲ್ಲಿ ಮುಂಬೈನ ಕಬೂತರ್‌ಖಾನೆಗಳನ್ನು ಮುಚ್ಚಿಸಿದಾಗ ಎದ್ದ ಗದ್ದಲ ಆಕೆಯ ತಲೆಯಲ್ಲಿತ್ತು. ಸಾವಿರಾರು ಕಾಡಾಡಿ ಪಾರಿವಾಳಗಳಿಗೆ ಚೌಕದಲ್ಲಿ ಕಾಳು ಸುರಿಯುವುದು ಬೇರೆ, ಒಂದು ಜೋಡಿಯನ್ನು ಜವಾಬ್ದಾರಿಯಿಂದ ಸಾಕುವುದು ಬೇರೆ. ಮಲಗುವ ಕೋಣೆಯ ಬಾಲ್ಕನಿಯಲ್ಲಿ ಬೇಡ, ತಾರಸಿಯಲ್ಲಿ ಗಾಳಿಯಾಡುವ ಕಡೆ ಗೂಡಿರಲಿ. ಕೆರೆಯುವಾಗ ಎನ್-95 ಮಾಸ್ಕ್ ಇಲ್ಲದೆ ಒಳಗೆ ಹೋಗಬೇಡಿ. ಮನೆಯಲ್ಲಿ ಉಬ್ಬಸದವರಿದ್ದರೆ ಈ ಹಕ್ಕಿಯೇ ಬೇಡ. ಕೆರೆಯುವ ಕೆಲಸ ಹುಡುಗನದ್ದೇ ಆಗಲಿ, ನಿಮ್ಮದಾಗುವುದು ಬೇಡ. ಈ ಕೊನೆಯ ಮಾತನ್ನು ಹುಡುಗನ ಮುಖ ನೋಡಿ ಹೇಳಿದೆ.

ಹುಡುಗನಿಗೆ ಹೇಳಿದ್ದು ಬಹಳ. ಹೊಸ ಹಕ್ಕಿ ತಂದರೆ ಮೂರ್ನಾಲ್ಕು ವಾರ ಬೇರೆಯಿಡು. ಎರಡನೇ ಸಲ ಮೊಟ್ಟೆಯಿಟ್ಟಾಗ ತೆಗೆದು ಪ್ಲಾಸ್ಟಿಕ್ ಮೊಟ್ಟೆ ಇಡು, ಬೇಸರವಿಲ್ಲದೆ ಕೂತು ಎದ್ದು ಹೋಗುತ್ತವೆ. ಲಕ್ಕ ಹೆಚ್ಚು ಹಾರಲಾರದು, ಬೆಕ್ಕಿನಿಂದ ತಪ್ಪಿಸಿಕೊಳ್ಳಲಾರದು, ಆದ್ದರಿಂದ ಅದನ್ನು ಬಯಲಿಗೆ ಬಿಟ್ಟು ಮರೆಯಬೇಡ. ಹಾರಿಸುವ ಆಸೆಯಿದ್ದರೆ ದೊಡ್ಡ ಹಕ್ಕಿ ತರಬೇಡ, ಕಾಳು ತಿನ್ನಲು ಕಲಿತ ಐದಾರು ವಾರದ ಮರಿ ತಾ. ಅದು ಯಾವ ಸೂರಿನಿಂದ ಮೊದಲು ಹಾರಿತೋ ಅದನ್ನೇ ಮನೆಯೆಂದು ತಿಳಿಯುತ್ತದೆ. ಅಷ್ಟು ದೂರದಿಂದ ದಾರಿ ಹೇಗೆ ಕಂಡುಕೊಳ್ಳುತ್ತವೆ ಎಂದ. ಸೂರ್ಯನ ಸ್ಥಾನ ನೋಡಿ, ಭೂಮಿಯ ಕಾಂತಶಕ್ತಿ ಗ್ರಹಿಸಿ ಎನ್ನುತ್ತಾರೆ. ಇಟಲಿಯ ಪೀಸಾದ ವಿಜ್ಞಾನಿಗಳು ಗಾಳಿಯ ವಾಸನೆಯಿಂದಲೂ ಎಂದು 1970ರ ದಶಕದಲ್ಲೇ ತೋರಿಸಿದರು. ಊರಿನ ಹತ್ತಿರ ಬಂದ ಮೇಲೆ ರಸ್ತೆಗಳನ್ನೇ ಹಿಡಿದು ಬರುತ್ತವೆ ಎಂಬುದನ್ನು ಆಕ್ಸ್‌ಫರ್ಡ್‌ನವರು ಹಕ್ಕಿಯ ಬೆನ್ನಿಗೆ ಜಿಪಿಎಸ್ ಕಟ್ಟಿ ಕಂಡುಕೊಂಡರು. ಕರಿಬೇವಿನ ಗಿಡದಲ್ಲಿ ಗೂಡು ಕಟ್ಟಿರುವ ಚುಕ್ಕೆ ಬೆಳವದ ಮರಿಯನ್ನು ಸಾಕಬಹುದೇ ಎಂದೂ ಕೇಳಿದ. ಕೂಡದು. ಕಾಡು ಬೆಳವಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಅದಕ್ಕಿಂತ ಹೆಚ್ಚಾಗಿ, ಅಪ್ಪ ಅಮ್ಮ ಇಬ್ಬರೂ ಅಲ್ಲೇ ಹಾಲೂಡಿಸುತ್ತಿದ್ದಾರೆ. ಅಂಗಡಿಯಲ್ಲಿ ಸಿಗುವ ಬಿಳಿ ಬೆಳವವನ್ನು ತಂದು ಸಾಕಬಹುದು, ಮೆದು ಸ್ವಭಾವದ ಹಕ್ಕಿ, ಪಂಜರದಲ್ಲೂ ಹೊಂದಿಕೊಳ್ಳುತ್ತದೆ. ಆದರೆ ಸಭೆ ಸಮಾರಂಭದಲ್ಲಿ ಶಾಂತಿಯ ಸಂಕೇತವೆಂದು ಅದನ್ನು ಹಾರಿಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದಕ್ಕೆ ಮನೆಗೆ ಮರಳುವ ಶಕ್ತಿಯಿಲ್ಲ, ಹೊರಗೆ ಮೇಯುವುದೂ ಗೊತ್ತಿಲ್ಲ. ಫೋಟೋ ತೆಗೆದು ಜನ ಊಟಕ್ಕೆ ಹೋಗುತ್ತಾರೆ, ಹಕ್ಕಿ ಕಾಗೆಯ ಪಾಲಾಗುತ್ತದೆ.

ತೊಂಬತ್ತರ ದಶಕದಲ್ಲಿ ಮಿಲ್ಲು ಕುಂಟುತ್ತ ಕುಂಟುತ್ತ ನಿಂತಿತು. ಅದಿದ್ದ ಜಾಗದಲ್ಲಿ ಈಗ ಬಹುಮಹಡಿ ಮನೆಗಳು, ಪ್ರತಿ ಬಾಲ್ಕನಿಗೂ ಪಾರಿವಾಳ ಬಾರದಂತೆ ಬಲೆ. ಕೂಲಿ ನಿಂತಾಗ ಮಾವ ಮೊದಲು ಮಾರಿದ್ದು ಹಕ್ಕಿಗಳನ್ನು. ಕೊಂಡವರು ಊರಾಚೆಯವರು. ರೆಕ್ಕೆ ಬಿಚ್ಚಿದ ದಿನವೇ ಅವು ಒಂದೊಂದಾಗಿ ಹಳೆಯ ತಾರಸಿಗೆ ಮರಳಿ ಬಂದವು. ಕೊಂಡವರು ಬುಟ್ಟಿ ಹಿಡಿದು ಮತ್ತೆ ಬಂದರು. ಹಿಡಿದುಕೊಟ್ಟವರು ಅತ್ತೆ, ಅವರ ಕೈಗೇ ಹಕ್ಕಿಗಳು ಸುಮ್ಮನೆ ಬರುತ್ತಿದ್ದದ್ದು. ಮನೆ ಖಾಲಿ ಮಾಡಿ ಅವರು ಬೇರೆ ಬಡಾವಣೆಯ ಒಂದು ಕೋಣೆಯ ಬಾಡಿಗೆ ಮನೆಗೆ ಹೋದರು. ಮಾವ ಹೆಚ್ಚು ವರ್ಷ ಇರಲಿಲ್ಲ.

ಅತ್ತೆಯನ್ನು ನಾನು ಮತ್ತೆ ಕಂಡದ್ದು ಅವರ ಮಗನ ಮನೆಯಲ್ಲಿ. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಅವತ್ತು ಕೇಳಿಬಿಟ್ಟೆ.

"ಅತ್ತೆ, ನಿಮಗೆ ಪಾರಿವಾಳ ಇಷ್ಟ ಇತ್ತಾ?"

"ಇಷ್ಟ ಯಾರು ಕೇಳಿದ್ರು ಪುಟ್ಟಿ? ಹೊಟ್ಟೆಗೆ ಹಾಕ್ಬೇಕಿತ್ತು, ಹಾಕ್ದೆ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು. "ಆ ಕತ್ತು ತಿರುಚ್ಕೊಂಡಿದ್ದ ಕರೀದು ಇತ್ತಲ್ಲ, ಅದು ನಂದು. ಎಲ್ಲಾನೂ ಮಾರಿದ್ರು ನಿಮ್ಮಾವ, ಅದನ್ನ ಮುಟ್ಟಬೇಡಿ ಅಂದೆ. ಮಂಕರೀಲಿ ಇಟ್ಕೊಂಡು ಬಾಡಿಗೆ ಮನೇಗೆ ಹೋದೆ. ನಾಲ್ಕು ವರ್ಷ ಇತ್ತು ನನ್ನ ಜೊತೆ."